ಸುಳ್ಳಿಗೆ ಐದು ವರ್ಷ, ಜೀವಕ್ಕೆ ಒಂದು ವರ್ಷ: ಅಪ್ಪರ್ ಬಿಗ್ ಬ್ರಾಂಚ್ ಗಣಿ ಪ್ರಕರಣ

ಗಣಿಯ ಭದ್ರತಾ ಮುಖ್ಯಸ್ಥನಿಗೆ 36 ತಿಂಗಳು ಜೈಲು. ಸೂಪರಿಂಟೆಂಡೆಂಟ್‌ಗೆ 21 ತಿಂಗಳು. ಅದೇ ಕಂಪನಿಯ ಇನ್ನೊಂದು ವಿಭಾಗದ ಅಧ್ಯಕ್ಷನಿಗೆ 42 ತಿಂಗಳು. ಇವರೆಲ್ಲರ ಮೇಲೆ ಕೂತು ಕಂಪನಿ ನಡೆಸುತ್ತಿದ್ದ ಸಿಇಒಗೆ 12 ತಿಂಗಳು.

ಅಮೆರಿಕದ ಒಂದು ಕಲ್ಲಿದ್ದಲು ಗಣಿಯಲ್ಲಿ 29 ಜನ ಸತ್ತ ದುರಂತದ ನಂತರ ನಡೆದ ತನಿಖೆಯಲ್ಲಿ ಸಿಕ್ಕಿದ ಶಿಕ್ಷೆಗಳು ಇವು. ಸಿಇಒ ವಿಷಯದಲ್ಲಿ ನ್ಯಾಯಾಧೀಶರು ಮೃದುವಾದರು ಅಂತ ಯಾರೂ ಹೇಳುವಂತಿಲ್ಲ. ಅವರು ಕೊಟ್ಟಿದ್ದು ಆ ಅಪರಾಧಕ್ಕೆ ಕಾನೂನಿನಲ್ಲಿದ್ದ ಗರಿಷ್ಠ ಶಿಕ್ಷೆ. ಕಾನೂನೇ ಅಷ್ಟಕ್ಕೆ ನಿಂತಿತ್ತು. ಕೆಳಗಿನವರಿಗೆ ಜಾಸ್ತಿ, ಮೇಲಿನವರಿಗೆ ಕಡಿಮೆ ಅನ್ನುವ ಈ ಲೆಕ್ಕ ಹೇಗೆ ಬಂತು ಅಂತ ನೋಡಿದರೆ, ಕೆಲಸದ ಜಾಗದ ಸುರಕ್ಷತೆಯನ್ನು ಕ್ರಿಮಿನಲ್ ಕಾನೂನು ಯಾವ ದೃಷ್ಟಿಯಿಂದ ನೋಡುತ್ತಿದೆ ಅನ್ನುವುದು ತಿಳಿಯುತ್ತದೆ.

ಗಣಿಯೊಳಗೆ ಆದದ್ದು

2010ರ ಏಪ್ರಿಲ್ 5, ಸೋಮವಾರ, ಈಸ್ಟರ್ ಮರುದಿನ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ರಾಲೀ ಕೌಂಟಿ, ಮಾಂಟ್‌ಕೋಲ್ ಎಂಬ ಜಾಗ. ಮಧ್ಯಾಹ್ನ ಮೂರು ಗಂಟೆ ದಾಟುತ್ತಿದ್ದಂತೆ ಅಪ್ಪರ್ ಬಿಗ್ ಬ್ರಾಂಚ್ ಕಲ್ಲಿದ್ದಲು ಗಣಿಯೊಳಗೆ ಸ್ಫೋಟವಾಯಿತು. ಪಾಳಿ ಮುಗಿಸಿ ಹೊರಗೆ ಬರುತ್ತಿದ್ದ ಗಾಡಿಯಲ್ಲಿದ್ದವರೂ ಸತ್ತವರಲ್ಲಿ ಸೇರಿದ್ದರು. ನಾಲ್ಕು ಜನ ಸಿಕ್ಕಿರಲಿಲ್ಲ. ಅವರು ಬದುಕಿರಬಹುದು ಎಂಬ ಆಸೆಯಲ್ಲಿ ಮನೆಯವರು ದಿನಗಟ್ಟಲೆ ಕಾದರು. ಆ ನಾಲ್ವರೂ ಹೆಣವಾಗಿ ಸಿಕ್ಕರು. 1970ರ ಡಿಸೆಂಬರ್‌ನಲ್ಲಿ ಕೆಂಟಕಿಯಲ್ಲಿ 38 ಜನ ಸತ್ತ ಮೇಲೆ ಅಮೆರಿಕದ ಕಲ್ಲಿದ್ದಲು ಗಣಿಯಲ್ಲಿ ಇಷ್ಟು ದೊಡ್ಡ ಸಾವು ಆಗಿರಲಿಲ್ಲ.

ಗಣಿ ನಡೆಸುತ್ತಿದ್ದದ್ದು ಪರ್ಫಾರ್ಮೆನ್ಸ್ ಕೋಲ್ ಎಂಬ ಕಂಪನಿ. ಅದರ ಒಡೆತನ ಮ್ಯಾಸಿ ಎನರ್ಜಿಯದು. ಗಣಿಯಲ್ಲಿ ಕಾರ್ಮಿಕ ಸಂಘ ಇರಲಿಲ್ಲ.

ಸ್ಫೋಟ ಹೇಗಾಯಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮುಂದಿನ ಕೋರ್ಟ್ ಕಥೆಯೆಲ್ಲ ಅರ್ಥವಾಗುವುದು ಅದರಿಂದಲೇ.

ಅಲ್ಲಿ ನಡೆಯುತ್ತಿದ್ದ ಲಾಂಗ್‌ವಾಲ್ ಗಣಿಗಾರಿಕೆಯಲ್ಲಿ ಕಲ್ಲಿದ್ದಲಿನ ಉದ್ದನೆಯ ಗೋಡೆಯ ಉದ್ದಕ್ಕೂ ಒಂದು ದೊಡ್ಡ ಯಂತ್ರ ಹಿಂದೆ ಮುಂದೆ ಓಡಾಡುತ್ತ ಕಲ್ಲಿದ್ದಲನ್ನು ಕೊರೆದು ಬೀಳಿಸುತ್ತದೆ. ಅದರ ಡ್ರಮ್ಮಿನ ಮೇಲೆ ಗಟ್ಟಿ ಲೋಹದ ಹಲ್ಲುಗಳಿರುತ್ತವೆ. ಹಲ್ಲು ಸವೆದರೆ, ಕಲ್ಲಿದ್ದಲಿನ ನಡುವೆ ಮರಳುಗಲ್ಲು ಸಿಕ್ಕಾಗ ಕಿಡಿ ಹಾರುತ್ತದೆ. ಅದಕ್ಕೇ ಯಂತ್ರದಲ್ಲಿ ನೀರು ಚಿಮ್ಮುವ ನಳಿಗೆಗಳಿರುತ್ತವೆ. ಅವು ಕಿಡಿಯನ್ನು ಆರಿಸುತ್ತವೆ, ದೂಳನ್ನೂ ತಗ್ಗಿಸುತ್ತವೆ. ಕಲ್ಲಿದ್ದಲಿನಿಂದ ಹೊರಬರುವ ಮೀಥೇನ್ ಅನಿಲವನ್ನು ಗಾಳಿಯ ಹರಿವು ಒಯ್ದುಬಿಡಬೇಕು. ಇಷ್ಟೆಲ್ಲ ಇದ್ದೂ ಎಲ್ಲೋ ಸಣ್ಣ ಬೆಂಕಿ ಹೊತ್ತಿತು ಅಂತಿಟ್ಟುಕೊಳ್ಳಿ. ಅದು ಹರಡದ ಹಾಗೆ ಗಣಿಯ ನೆಲ, ಗೋಡೆ, ಛಾವಣಿಯ ಮೇಲೆಲ್ಲ ಸುಣ್ಣಕಲ್ಲಿನ ಪುಡಿ ಎರಚಿರುತ್ತಾರೆ. ಕಲ್ಲಿದ್ದಲಿನ ದೂಳು ಗಾಳಿಗೆ ಎದ್ದರೆ ಅದೇ ಸಿಡಿಮದ್ದಾಗುತ್ತದೆ. ಸುಣ್ಣಕಲ್ಲಿನ ಪುಡಿ ಅದರ ಜತೆ ಬೆರೆತು ಬೆಂಕಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಈ ತಿಳಿವಳಿಕೆ ಹೊಸದಲ್ಲ, ನೂರು ವರ್ಷ ಹಳೆಯದು.

ಅಪ್ಪರ್ ಬಿಗ್ ಬ್ರಾಂಚ್‌ನಲ್ಲಿ ಈ ಒಂದೊಂದೂ ಕೈಕೊಟ್ಟಿತ್ತು. ಹಲ್ಲುಗಳು ಸವೆದಿದ್ದವು. ನೀರಿನ ನಳಿಗೆಗಳಲ್ಲಿ ಕೆಲವು ಇರಲೇ ಇಲ್ಲ. ಗಾಳಿಯ ವ್ಯವಸ್ಥೆ ಹಳಿ ತಪ್ಪಿತ್ತು. ಅಷ್ಟು ದೊಡ್ಡ ಗಣಿಗೆ ಸುಣ್ಣಕಲ್ಲಿನ ಪುಡಿ ಎರಚಲು ಇದ್ದವರು ಬೆರಳೆಣಿಕೆಯ ಜನ. ಅವರ ಯಂತ್ರ ಹಳೆಯದು, ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಅವರನ್ನೂ ಬೇರೆ ಕೆಲಸಕ್ಕೆ ಎಳೆದುಕೊಳ್ಳುತ್ತಿದ್ದರು. ಸಣ್ಣ ಮೀಥೇನ್ ಬೆಂಕಿಯಾಗಿ ಶುರುವಾದದ್ದು ದೂಳನ್ನು ಹಿಡಿದುಕೊಂಡು ಮೈಲಿಗಟ್ಟಲೆ ಸುರಂಗಗಳಲ್ಲಿ ಓಡಿತು. ಮೀಥೇನ್ ಬೆಂಕಿ ಗಣಿಯಲ್ಲಿ ಆಗಾಗ ಹೊತ್ತುವಂಥದ್ದು. ಅದನ್ನು 29 ಸಾವಿಗೆ ಬೆಳೆಸಿದ್ದು ದೂಳು.

ಮೃತರ ಶವಪರೀಕ್ಷೆಯ ಒಂದು ವಿವರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಶ್ವಾಸಕೋಶದ ಅಂಗಾಂಶ ಪರೀಕ್ಷೆಗೆ ಸಿಕ್ಕ 24 ಜನರಲ್ಲಿ 17 ಜನರಿಗೆ ಕಲ್ಲಿದ್ದಲು ದೂಳಿನಿಂದ ಬರುವ ಕಪ್ಪು ಶ್ವಾಸಕೋಶದ ಕಾಯಿಲೆ ಇತ್ತು. ಸ್ಫೋಟಕ್ಕೆ ವರ್ಷಗಳ ಮುಂಚಿನಿಂದಲೇ ಆ ದೂಳು ಅವರನ್ನು ಒಳಗಿನಿಂದ ತಿನ್ನುತ್ತಿತ್ತು.

ಎರಡು ಪುಸ್ತಕ, ಒಂದು ರೇಡಿಯೊ

ಇದು ಅಜಾಗರೂಕತೆ ಮಾತ್ರ ಆಗಿದ್ದರೆ ಕ್ರಿಮಿನಲ್ ಕಾನೂನಿನ ಮಾತು ಎತ್ತುವುದೇ ಕಷ್ಟವಾಗುತ್ತಿತ್ತು. ತನಿಖೆಯಲ್ಲಿ ಸಿಕ್ಕಿದ್ದು ಬೇರೆಯೇ.

ಗಣಿಯಲ್ಲಿ ಪ್ರತಿ ಪಾಳಿಗೂ ಮುಂಚೆ ಒಬ್ಬರು ಸುತ್ತಾಡಿ, ಕಂಡ ಅಪಾಯಗಳನ್ನು ಅಧಿಕೃತ ಪುಸ್ತಕದಲ್ಲಿ ಬರೆಯಬೇಕು. ಮುಂದಿನ ಪಾಳಿಯ ಕಾರ್ಮಿಕರು ಅದನ್ನು ಓದಬಹುದು, ಸರ್ಕಾರದ ಇನ್ಸ್‌ಪೆಕ್ಟರ್ ಕೂಡ ಓದುತ್ತಾರೆ. ಅಪ್ಪರ್ ಬಿಗ್ ಬ್ರಾಂಚ್‌ನಲ್ಲಿ ಎರಡು ಪುಸ್ತಕಗಳಿದ್ದವು. ಕಂಪನಿಯ ಒಳಗಿನ ಉತ್ಪಾದನೆ ಮತ್ತು ನಿರ್ವಹಣೆ ಪುಸ್ತಕದಲ್ಲಿ ಬರೆದ ಕೆಲವು ಅಪಾಯಗಳು ಅಧಿಕೃತ ಪುಸ್ತಕದಲ್ಲಿ ಇರಲಿಲ್ಲ. ಅಂದರೆ ಅಪಾಯ ಗೊತ್ತಿತ್ತು. ಅದರ ನಡುವೆ ಕೆಲಸ ಮಾಡುವವರಿಗೆ ಮಾತ್ರ ಹೇಳಲಿಲ್ಲ.

ಇನ್ನೊಂದು ರೇಡಿಯೊ. ಇನ್ಸ್‌ಪೆಕ್ಟರ್ ಗೇಟಿಗೆ ಬಂದ ಕೂಡಲೇ ಕಾವಲುಗಾರರು ರೇಡಿಯೊದಲ್ಲಿ ಸುದ್ದಿ ಕೊಡುತ್ತಿದ್ದರು. ಕಚೇರಿಯಿಂದ ಅದು ನೆಲದಡಿಗೆ ಹೋಗುತ್ತಿತ್ತು. ಇನ್ಸ್‌ಪೆಕ್ಟರ್ ಕೊರೆಯುವ ಜಾಗ ತಲುಪಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಗಾಳಿಯ ಪರದೆ ಸರಿಪಡಿಸಬಹುದು, ಒಂದಿಷ್ಟು ಸುಣ್ಣಕಲ್ಲಿನ ಪುಡಿ ಎರಚಬಹುದು, ತೀರಾ ಕೆಟ್ಟಿದ್ದರೆ ಯಂತ್ರವನ್ನೇ ನಿಲ್ಲಿಸಬಹುದು. ಅಧಿಕಾರಿ ಹೋದ ಮೇಲೆ ಮತ್ತೆ ಹಳೆಯ ಕಥೆ.

ಅದೇ ವರ್ಷದ ಫೆಬ್ರವರಿಯಲ್ಲಿ ಇನ್ನೊಂದು ಘಟನೆ. ಒಂದು ಕೊರೆಯುವ ಯಂತ್ರದ ಮೀಥೇನ್ ಪತ್ತೆ ಸಾಧನ ಪದೇ ಪದೇ ಯಂತ್ರವನ್ನು ನಿಲ್ಲಿಸುತ್ತಿತ್ತು. ಅದನ್ನು ದಾಟಿ ಯಂತ್ರ ಓಡುವಂತೆ ವೈರಿಂಗ್ ಬದಲಿಸಿದರು. ಆ ಯಂತ್ರಕ್ಕೂ ಏಪ್ರಿಲ್‌ನ ಸ್ಫೋಟಕ್ಕೂ ಸಂಬಂಧ ಇರಲಿಲ್ಲ. ಆದರೆ ಅನಿಲ ಇದೆ ಎಂದು ಎಚ್ಚರಿಸುವ ಸಾಧನವನ್ನೇ ಅಡ್ಡಿ ಎಂದು ನೋಡುವ ಜಾಗ ಅದು ಎನ್ನುವುದು ಇದರಿಂದ ಗೊತ್ತಾಗುತ್ತದೆ.

ಸಿಇಒ ಡಾನ್ ಬ್ಲ್ಯಾಂಕೆನ್‌ಶಿಪ್ ಇದರಿಂದ ಎಷ್ಟು ದೂರ ಇದ್ದರು? ದೂರ ಇರಲಿಲ್ಲ. ಗಣಿಯಲ್ಲಿ ಎಷ್ಟು ಕಲ್ಲಿದ್ದಲು ತೆಗೆದರು ಎಂಬ ವರದಿ ಅವರಿಗೆ ಅರ್ಧ ಗಂಟೆಗೊಮ್ಮೆ ಹೋಗುತ್ತಿತ್ತು. 2005ರಲ್ಲಿ ಅವರು ಭೂಗತ ಗಣಿಗಳ ಸೂಪರಿಂಟೆಂಡೆಂಟ್‌ಗಳಿಗೆ ಒಂದು ಮೆಮೊ ಕಳಿಸಿದ್ದರು. ಕಲ್ಲಿದ್ದಲು ತೆಗೆಯುವುದು ಬಿಟ್ಟು ಬೇರೆ ಯಾವುದೇ ಕಟ್ಟುವ ಕೆಲಸ ಮಾಡಲು ಯಾರು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ, ಕಲ್ಲಿದ್ದಲು ತೆಗೆಯಿರಿ ಎನ್ನುವುದು ಅದರ ಸಾರ. ಗಾಳಿ ಹರಿಯಲು ಬೇಕಾದ ಕಟ್ಟಡಗಳೂ ಆ ‘ಬೇರೆ ಕೆಲಸ’ದ ಪಟ್ಟಿಯಲ್ಲಿದ್ದವು. ವಾರದ ನಂತರ ಸುರಕ್ಷತೆಯೇ ಮೊದಲು ಎಂದು ಇನ್ನೊಂದು ಮೆಮೊ ಹೋಯಿತು. ಮೂರು ತಿಂಗಳಲ್ಲಿ, 2006ರ ಜನವರಿಯಲ್ಲಿ, ಮ್ಯಾಸಿಯ ಅರಕೋಮ ಗಣಿಯಲ್ಲಿ ಬೆಂಕಿ ಬಿದ್ದು ಇಬ್ಬರು ಸತ್ತರು. ಹೊಗೆ ತಡೆಯಬೇಕಿದ್ದ ಗೋಡೆಗಳು ಅಲ್ಲಿರಲಿಲ್ಲ.

ಅರಕೋಮದಲ್ಲಿ ಏನಾಯಿತು ಅನ್ನುವುದು ಮುಖ್ಯ. ಅಂಗಸಂಸ್ಥೆ ತಪ್ಪೊಪ್ಪಿಕೊಂಡಿತು. ಕ್ರಿಮಿನಲ್ ದಂಡ, ಸಿವಿಲ್ ದಂಡ ಎರಡೂ ಸೇರಿ 42 ಲಕ್ಷ ಡಾಲರ್ ಕಟ್ಟಿತು. ಆ ಒಪ್ಪಂದದಲ್ಲಿ ಮಾತೃಸಂಸ್ಥೆಯ ಮೇಲೆ, ಅದರ ಅಧಿಕಾರಿಗಳ ಮೇಲೆ ಕೇಸು ಹಾಕುವುದಿಲ್ಲ ಎಂಬ ಮಾತೂ ಇತ್ತು. ಕಂಪನಿ ದುಡ್ಡು ಕೊಟ್ಟಿತು, ಮೇಲೆ ಕೂತವರು ಯಾರೂ ಉತ್ತರ ಕೊಡಲಿಲ್ಲ. ಅಪ್ಪರ್ ಬಿಗ್ ಬ್ರಾಂಚ್ ಅದರ ನಂತರ ಬಂದದ್ದು.

ಸರ್ಕಾರದ ಪಾಲು

ಗಣಿ ಸುರಕ್ಷತೆಯ ಫೆಡರಲ್ (ಕೇಂದ್ರ ಸರ್ಕಾರದ) ಸಂಸ್ಥೆ, ಎಂಎಸ್‌ಎಚ್‌ಎ, ಸುಮ್ನೆ ಕೂತಿತ್ತು ಅನ್ನುವಂತಿಲ್ಲ. 2009ರ ಒಂದೇ ವರ್ಷದಲ್ಲಿ ಈ ಗಣಿಗೆ 500ಕ್ಕೂ ಹೆಚ್ಚು ನೋಟಿಸ್‌ಗಳು ಬಿದ್ದಿದ್ದವು. ಜನರನ್ನು ಹೊರಗೆ ಕಳಿಸಿ ಆ ಭಾಗ ನಿಲ್ಲಿಸಿ ಎಂಬ ಆದೇಶಗಳೂ ಆಗಾಗ ಬರುತ್ತಿದ್ದವು. ಕಂಪನಿ ನೋಟಿಸ್‌ಗಳನ್ನು ಮೇಲ್ಮನವಿಗೆ ಹಾಕುತ್ತಿತ್ತು. ಮೇಲ್ಮನವಿ ಆಯೋಗದ ಮುಂದೆ ಸಾವಿರಾರು ಕೇಸುಗಳು ಕೊಳೆಯುತ್ತಿದ್ದವು. ತೀರ್ಮಾನ ಆಗುವವರೆಗೆ ದಂಡ ಕಟ್ಟಬೇಕಾಗಿರಲಿಲ್ಲ, ಅದು ಹಳೆಯ ತಪ್ಪುಗಳ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ಪದೇ ಪದೇ ತಪ್ಪು ಮಾಡುವ ಗಣಿಗಳ ಮೇಲೆ ಬಿಗಿ ಕ್ರಮ ಜರುಗಿಸುವ ಅಧಿಕಾರ ಸಂಸ್ಥೆಗೆ 1977ರಿಂದಲೂ ಇತ್ತು. ಆ ಪಟ್ಟಿಗೆ ಈ ಗಣಿ ಬರಬೇಕಿತ್ತು. ಕಂಪ್ಯೂಟರ್ ಪ್ರೋಗ್ರಾಮಿನ ಒಂದು ದೋಷದಿಂದ ಬಿಟ್ಟುಹೋಯಿತು. ಇನ್ಸ್‌ಪೆಕ್ಟರ್‌ಗಳು ಕಾಣಬೇಕಿದ್ದ ಎಷ್ಟೋ ಅಪಾಯಗಳನ್ನು ಕಾಣಲಿಲ್ಲ ಎಂದು ಸಂಸ್ಥೆಯ ಆಂತರಿಕ ಪರಿಶೀಲನೆಯೇ 2012ರಲ್ಲಿ ಹೇಳಿತು. ಇದನ್ನು ಮುಚ್ಚಿಟ್ಟು ಕಂಪನಿಯೊಂದನ್ನೇ ದೂರುವುದು ಸರಿಯಲ್ಲ. ಹಾಗಂತ ಪೊಲೀಸರು ನಿದ್ದೆ ಮಾಡಿದರು ಎಂಬ ಕಾರಣಕ್ಕೆ ಕಳ್ಳತನ ಸಣ್ಣದಾಗುವುದಿಲ್ಲ.

ಕಂಪನಿಯ ವಾದ ಬೇರೆ. ನೆಲದ ಬಿರುಕಿನಿಂದ ಒಮ್ಮೆಲೇ ಭಾರಿ ಪ್ರಮಾಣದ ನೈಸರ್ಗಿಕ ಅನಿಲ ನುಗ್ಗಿತು, ಯಾರೂ ತಡೆಯಲು ಆಗುತ್ತಿರಲಿಲ್ಲ ಎಂದು ಅದು ಹೇಳಿತು. ಗಾಳಿಯ ವ್ಯವಸ್ಥೆಯನ್ನು ಹಾಳು ಮಾಡಿದ್ದು ಸರ್ಕಾರ ಬಲವಂತ ಮಾಡಿದ ಬದಲಾವಣೆಗಳು ಎಂದು ಬ್ಲ್ಯಾಂಕೆನ್‌ಶಿಪ್ ಇಂದಿಗೂ ವಾದಿಸುತ್ತಾರೆ. ಎಂಎಸ್‌ಎಚ್‌ಎ, ರಾಜ್ಯ ಸರ್ಕಾರ, ಗವರ್ನರ್ ನೇಮಿಸಿದ ಸ್ವತಂತ್ರ ಸಮಿತಿ, ಗಣಿ ಕಾರ್ಮಿಕರ ಸಂಘ ಬೇರೆ ಬೇರೆಯಾಗಿ ತನಿಖೆ ನಡೆಸಿದವು. ಎಲ್ಲವೂ ಬೊಟ್ಟು ಮಾಡಿದ್ದು ದೂಳಿನ ಕಡೆಗೇ.

ಕೋರ್ಟಿನಲ್ಲಿ

2011ರ ಡಿಸೆಂಬರ್ ಹೊತ್ತಿಗೆ ಮ್ಯಾಸಿಯನ್ನು ಆಲ್ಫಾ ನ್ಯಾಚುರಲ್ ರಿಸೋರ್ಸಸ್ ಕಂಪನಿ ಕೊಂಡುಕೊಂಡಿತ್ತು. ಅದು ಸರ್ಕಾರದ ಜತೆ ಸುಮಾರು 20.9 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಸತ್ತ 29 ಜನರ ಕುಟುಂಬಗಳಿಗೆ, ಗಾಯಗೊಂಡ ಇಬ್ಬರಿಗೆ ತಲಾ 15 ಲಕ್ಷ ಡಾಲರ್. 369 ಉಲ್ಲಂಘನೆಗಳಿಗೆ 1.08 ಕೋಟಿ ಡಾಲರ್ ದಂಡ. ಉಳಿದ ಹೆಚ್ಚಿನ ಹಣ ಸುರಕ್ಷತೆ ಮತ್ತು ಸಂಶೋಧನೆಗೆ. ಬದಲಿಗೆ ಕಂಪನಿಯ ಮೇಲೆ ಕ್ರಿಮಿನಲ್ ಕೇಸು ಇಲ್ಲ. ಈ ಸಲ ಒಂದು ವ್ಯತ್ಯಾಸ ಇತ್ತು: ವ್ಯಕ್ತಿಗಳಿಗೆ ರಕ್ಷಣೆ ಕೊಡಲಿಲ್ಲ. ಅರಕೋಮದಿಂದ ಕಲಿತ ಪಾಠ ಇದು ಅಂತ ನಾನು ನಂಬುತ್ತೇನೆ.

ಫೆಡರಲ್ ಪ್ರಾಸಿಕ್ಯೂಟರ್ ಬೂತ್ ಗುಡ್‌ವಿನ್ ಕೆಳಗಿನಿಂದ ಮೇಲಕ್ಕೆ ಹತ್ತುತ್ತ ಹೋದರು. ಮೊದಲು ಭದ್ರತಾ ಮುಖ್ಯಸ್ಥ. ಇನ್ಸ್‌ಪೆಕ್ಟರ್ ಬಂದ ಸುದ್ದಿ ಕೊಡುವ ಪದ್ಧತಿ ಇರಲಿಲ್ಲ ಎಂದು ಎಫ್‌ಬಿಐಗೆ ಸುಳ್ಳು ಹೇಳಿದ್ದು, ದಾಖಲೆಗಳನ್ನು ನಾಶ ಮಾಡಲು ನೋಡಿದ್ದು ಅವರ ಅಪರಾಧ. ಆಮೇಲೆ ಸೂಪರಿಂಟೆಂಡೆಂಟ್. ಇನ್ಸ್‌ಪೆಕ್ಟರ್‌ಗಳ ಕೆಲಸಕ್ಕೆ ಅಡ್ಡಿ ಮಾಡುವ ಸಂಚಿನಲ್ಲಿ ಪಾಲು ಇತ್ತೆಂದು ಅವರು ಒಪ್ಪಿಕೊಂಡರು. ಆಮೇಲೆ ಇನ್ನೊಂದು ವಿಭಾಗದ ಅಧ್ಯಕ್ಷ. ತಪ್ಪೊಪ್ಪಿಗೆಯ ದಿನ ಕೋರ್ಟಿನಲ್ಲಿ, ಈ ಪದ್ಧತಿ ಯಾರಿಂದ ಬಂತು ಎಂದು ಕೇಳಿದಾಗ ಅವರು ಸಿಇಒ ಕಡೆಗೆ ಕೈ ತೋರಿಸಿದರು.

2014ರ ನವೆಂಬರ್‌ನಲ್ಲಿ ಬ್ಲ್ಯಾಂಕೆನ್‌ಶಿಪ್ ಮೇಲೆ ಆರೋಪಪಟ್ಟಿ ಬಂತು. ಗಣಿ ಸುರಕ್ಷತಾ ನಿಯಮಗಳನ್ನು ಬೇಕೆಂದೇ ಮುರಿಯುವ ಸಂಚು, ಸರ್ಕಾರವನ್ನು ವಂಚಿಸುವ ಸಂಚು, ಅದರ ಜತೆ ಷೇರುದಾರರಿಗೆ ಮತ್ತು ಷೇರು ಮಾರುಕಟ್ಟೆ ನಿಯಂತ್ರಣ ಸಂಸ್ಥೆಗೆ ಸುಳ್ಳು ಹೇಳಿದ ಆರೋಪ. ದುರಂತವಾದ ಕೆಲವೇ ದಿನಗಳಲ್ಲಿ ಕಂಪನಿ ಒಂದು ಹೇಳಿಕೆ ಕೊಟ್ಟಿತ್ತು. ನಾವು ಸುರಕ್ಷತಾ ನಿಯಮಗಳ ಉಲ್ಲಂಘನೆಯನ್ನು ಸಹಿಸುವುದಿಲ್ಲ, ಎಲ್ಲ ಕಾಲದಲ್ಲೂ ಪಾಲಿಸಲು ಶ್ರಮಿಸುತ್ತೇವೆ ಎಂದು. ಷೇರಿನ ಬೆಲೆ ಕುಸಿಯದಿರಲಿ ಎಂದು ಹೇಳಿದ ಸುಳ್ಳು ಇದು ಎನ್ನುವುದು ಪ್ರಾಸಿಕ್ಯೂಷನ್ ವಾದ.

ಎಲ್ಲ ಆರೋಪಗಳೂ ಸಾಬೀತಾದರೆ ಗರಿಷ್ಠ ಶಿಕ್ಷೆ 30 ವರ್ಷ. ಅದರಲ್ಲಿ ಬಹುಪಾಲು ಷೇರು ಮಾರುಕಟ್ಟೆಯ ಸುಳ್ಳಿನದು. 29 ಜನ ಕೆಲಸ ಮಾಡುತ್ತಿದ್ದ ಸುರಂಗಗಳ ಗಾಳಿ ಮತ್ತು ದೂಳಿನ ವಿಷಯದಲ್ಲಿ ಬೇಕೆಂದೇ ನಿಯಮ ಮುರಿದದ್ದಕ್ಕೆ, ಅದೊಂದೇ ಉಳಿದರೆ, ಒಂದು ವರ್ಷ.

2015ರ ಅಕ್ಟೋಬರ್‌ನಲ್ಲಿ ಚಾರ್ಲ್ಸ್‌ಟನ್ ನಗರದಲ್ಲಿ ವಿಚಾರಣೆ ಶುರುವಾಯಿತು. ಬ್ಲ್ಯಾಂಕೆನ್‌ಶಿಪ್ ತಮ್ಮ ಕಚೇರಿಯ ಫೋನ್ ಮಾತುಗಳನ್ನು ತಾವೇ ರೆಕಾರ್ಡ್ ಮಾಡಿಟ್ಟಿದ್ದರು. ಅವನ್ನು ಜ್ಯೂರಿಗೆ, ಅಂದರೆ ತೀರ್ಪು ಹೇಳಲು ಆಯ್ದ ಸಾಮಾನ್ಯ ಜನರ ತಂಡಕ್ಕೆ, ಕೇಳಿಸಿದರು. ಒಂದರಲ್ಲಿ ಅವರು, ಎಂಎಸ್‌ಎಚ್‌ಎ ಇಲ್ಲದಿದ್ದರೆ ನಾವು ನಮ್ಮನ್ನೇ ಸ್ಫೋಟಿಸಿಕೊಳ್ಳುತ್ತಿದ್ದೆವೇನೋ ಎಂಬ ಅರ್ಥದ ಮಾತಾಡಿದ್ದಾರೆ. ಪ್ರತಿವಾದಿ ವಕೀಲರು ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ಪ್ರಾಸಿಕ್ಯೂಷನ್ ಏನನ್ನೂ ಸಾಬೀತು ಮಾಡಿಲ್ಲ ಎಂಬುದೇ ಅವರ ನಿಲುವು. ಜ್ಯೂರಿ ಎರಡು ವಾರ ದಾಟಿಯೂ ಚರ್ಚೆ ಮಾಡಿತು. ನಡುವೆ ಒಮ್ಮತ ಬರುತ್ತಿಲ್ಲ ಎಂದೂ ತಿಳಿಸಿತು. ಮುಂದುವರಿಸಿ ಎಂದು ನ್ಯಾಯಾಧೀಶರು ಹೇಳಿದರು.

ಡಿಸೆಂಬರ್ 3ರಂದು ತೀರ್ಪು ಬಂತು. ಸುರಕ್ಷತಾ ನಿಯಮಗಳನ್ನು ಬೇಕೆಂದೇ ಮುರಿಯುವ ಸಂಚು: ತಪ್ಪಿತಸ್ಥ. ಸರ್ಕಾರವನ್ನು ವಂಚಿಸುವ ಸಂಚು, ಷೇರು ಮಾರುಕಟ್ಟೆಯ ಸುಳ್ಳು, ಷೇರು ವಂಚನೆ: ಎಲ್ಲದರಲ್ಲೂ ಖುಲಾಸೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ದುರಂತದ ತಿರುಳು ಯಾವುದೋ ಅದರಲ್ಲೇ ಅವರು ತಪ್ಪಿತಸ್ಥರೆಂದು ಜ್ಯೂರಿ ಹೇಳಿತು. ಪಕ್ಕದ ಆರೋಪಗಳನ್ನು ತಳ್ಳಿಹಾಕಿತು. ಸಾಮಾನ್ಯ ಬುದ್ಧಿಗೆ ಇದು ಪ್ರಾಸಿಕ್ಯೂಷನ್‌ನ ದೊಡ್ಡ ಗೆಲುವು ಆಗಬೇಕಿತ್ತು, ಅಲ್ವಾ? ಕಾನೂನಿನ ಪ್ರಕಾರ ಉಳಿದದ್ದು ಅತಿ ಸಣ್ಣ ಅಪರಾಧ. ಅಮೆರಿಕದ ಲೆಕ್ಕದಲ್ಲಿ ಅದು ಗಂಭೀರ ಅಪರಾಧಗಳ ಸಾಲಿಗೇ ಸೇರುವುದಿಲ್ಲ.

2016ರ ಏಪ್ರಿಲ್ 6ರಂದು, ದುರಂತದ ಆರನೇ ವರ್ಷ ತುಂಬಿದ ಮರುದಿನ, ನ್ಯಾಯಾಧೀಶೆ ಐರೀನ್ ಬರ್ಗರ್ ಒಂದು ವರ್ಷ ಜೈಲು ಮತ್ತು 2,50,000 ಡಾಲರ್ ದಂಡ ವಿಧಿಸಿದರು. ಎರಡೂ ಗರಿಷ್ಠ. ಸತ್ತವರ ಮನೆಯವರಿಗೆ ಆ ದಿನ ಕೋರ್ಟಿನಲ್ಲಿ ಮಾತಾಡಲು ಅವಕಾಶ ಸಿಗಲಿಲ್ಲ. ಸಾಬೀತಾದ ಅಪರಾಧ ನಿಯಮ ಮುರಿಯುವ ಸಂಚು ಮಾತ್ರ, ಸಾವು ಆ ಅಪರಾಧದ ಅಂಗವಲ್ಲ ಎನ್ನುವುದು ಕಾರಣ. ಕಾನೂನಿನ ಕಣ್ಣಲ್ಲಿ ಅವರು ಆ ಅಪರಾಧದ ಸಂತ್ರಸ್ತರೇ ಆಗಿರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿ ತಂದೆಗೆ ಇದನ್ನು ಹೇಗೆ ವಿವರಿಸುವುದು? ನನಗಂತೂ ತಿಳಿಯದು. ಶಿಕ್ಷೆ ಕಡಿಮೆ ಆಯಿತು ಅನ್ನುವುದಕ್ಕಿಂತ ಇದೇ ನನಗೆ ಜಾಸ್ತಿ ನೋವು ಕೊಡುವುದು.

ಮೇಲ್ಮನವಿಗಳು ಬಿದ್ದುಹೋದವು. ಪ್ರಾಸಿಕ್ಯೂಷನ್ ಕೆಲವು ದಾಖಲೆಗಳನ್ನು ತಮಗೆ ಕೊಡಲಿಲ್ಲ ಎಂದು ಬ್ಲ್ಯಾಂಕೆನ್‌ಶಿಪ್ ಮತ್ತೆ ಕೋರ್ಟಿಗೆ ಹೋದರು. ಅವು ಸಿಕ್ಕಿದ್ದರೂ ತೀರ್ಪು ಬದಲಾಗುತ್ತಿರಲಿಲ್ಲ ಎಂದು ಕೋರ್ಟುಗಳು ಹೇಳಿದವು. 2017ರಲ್ಲಿ ಶಿಕ್ಷೆ ಮುಗಿಸಿ ಹೊರಬಂದ ಅವರು 2018ರಲ್ಲಿ ಸೆನೆಟ್‌ಗೆ ರಿಪಬ್ಲಿಕನ್ ಪಕ್ಷದ ಟಿಕೆಟ್ ಕೇಳಿ ಪ್ರಾಥಮಿಕ ಚುನಾವಣೆಯಲ್ಲಿ ಸೋತರು.

ಕಾನೂನಿನ ತಕ್ಕಡಿ

1977ರ ಗಣಿ ಸುರಕ್ಷತಾ ಕಾಯ್ದೆಯ 110ನೇ ಕಲಂ ಒಂದನ್ನೇ ಓದಿದರೂ ವಿಷಯ ತಿಳಿಯುತ್ತದೆ. ದಾಖಲೆಯಲ್ಲಿ ಸುಳ್ಳು ಬರೆದರೆ ಐದು ವರ್ಷದವರೆಗೆ ಜೈಲು. ಇನ್ಸ್‌ಪೆಕ್ಟರ್ ಬರುವ ಸುದ್ದಿಯನ್ನು ಮುಂಚೆ ಕೊಟ್ಟರೆ ಆರು ತಿಂಗಳವರೆಗೆ. ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದರೆ, ಮೊದಲ ಸಲಕ್ಕೆ, ಒಂದು ವರ್ಷದವರೆಗೆ. ಯಾರಾದರೂ ಸತ್ತರೂ ಅಷ್ಟೇ, ಸಾಯದಿದ್ದರೂ ಅಷ್ಟೇ.

ಗಣಿಯ ಹೊರಗಿನ ಕೆಲಸಗಾರರ ಸ್ಥಿತಿ ಇನ್ನೂ ಕೆಟ್ಟದು. ಕಾರ್ಖಾನೆ, ಕಟ್ಟಡ, ಗೋದಾಮುಗಳಿಗೆ ಅನ್ವಯಿಸುವ 1970ರ ಕಾಯ್ದೆಯಲ್ಲಿ ಮಾಲೀಕ ಬೇಕೆಂದೇ ನಿಯಮ ಮುರಿದು ಕಾರ್ಮಿಕ ಸತ್ತರೆ, ಮೊದಲ ಅಪರಾಧಕ್ಕೆ ಗರಿಷ್ಠ ಆರು ತಿಂಗಳು. ಕೈಕಾಲು ಕಳೆದುಕೊಂಡು ಬದುಕುಳಿದರೆ ಅದು ಅಪರಾಧವೇ ಅಲ್ಲ. ಸರ್ಕಾರಿ ಜಮೀನಿನಲ್ಲಿ ಅಲೆಯುವ ಕಾಡು ಕತ್ತೆಗೆ ಹಿಂಸೆ ಕೊಟ್ಟರೆ ಅದೇ ದೇಶದ 1971ರ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಇದೆ.

ಈಗ ಮೊದಲ ಪ್ಯಾರಾದ ಲೆಕ್ಕ ಅರ್ಥವಾಗುತ್ತದೆ. ಭದ್ರತಾ ಮುಖ್ಯಸ್ಥನಿಗೆ 36 ತಿಂಗಳು ಬಂದದ್ದು ಸುಳ್ಳು ಹೇಳಿದ್ದಕ್ಕೆ. ಮ್ಯಾನೇಜರ್‌ಗಳಿಗೆ ಒಂದು ವರ್ಷ ದಾಟಿದ್ದು ಸರ್ಕಾರಕ್ಕೆ ಮೋಸ ಮಾಡಿದ್ದಕ್ಕೆ. ಕಾನೂನು ಸುಳ್ಳನ್ನು ದೊಡ್ಡದಾಗಿ, ಜೀವಕ್ಕೆ ತಂದ ಅಪಾಯವನ್ನು ಸಣ್ಣದಾಗಿ ನೋಡುತ್ತದೆ. ಸುಳ್ಳು ಹೇಳಬೇಕಾಗಿ ಬರುವುದು ಯಾರಿಗೆ? ಪುಸ್ತಕ ತುಂಬುವವರಿಗೆ, ಗೇಟಿನಲ್ಲಿ ನಿಂತವರಿಗೆ, ಇನ್ಸ್‌ಪೆಕ್ಟರ್ ಎದುರು ಉತ್ತರ ಕೊಡುವವರಿಗೆ. ಮೇಲೆ ಕೂತವರು ಪಾಳಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಅವರು ಇಷ್ಟು ಟನ್ ಬೇಕು ಎನ್ನುತ್ತಾರೆ, ಇಷ್ಟೇ ಜನ ಸಾಕು ಎನ್ನುತ್ತಾರೆ. ಆ ಎರಡು ಮಾತಿನ ನಡುವೆ ಸಿಕ್ಕವರು ಕೆಳಗೆ ಸುಳ್ಳು ಬರೆಯುತ್ತಾರೆ. ಸುಳ್ಳಿಗೇ ಶಿಕ್ಷೆ ಜಾಸ್ತಿ ಇಟ್ಟರೆ ಜೈಲು ಕೆಳಗಿನವರಿಂದಲೇ ತುಂಬುತ್ತದೆ.

ಶಿಕ್ಷೆ ಹೆಚ್ಚಿಸಿದರೆ ಸಾಕಾ?

ಶಿಕ್ಷೆ ಹೆಚ್ಚಿಸುವುದಕ್ಕೆ ವಿರೋಧ ಇದೆ. ಅದರಲ್ಲಿ ಒಂದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಜೈಲಿನ ಭಯ ಬಂದರೆ ಜನ ತಪ್ಪನ್ನು ಮುಚ್ಚಿಡುತ್ತಾರೆ, ಅಪಘಾತದಿಂದ ಪಾಠ ಕಲಿಯುವುದು ನಿಲ್ಲುತ್ತದೆ ಅನ್ನುವುದು ಆ ವಾದ. ಕೈತಪ್ಪಿಗೆ, ಮರೆವಿಗೆ, ತಪ್ಪು ಲೆಕ್ಕಾಚಾರಕ್ಕೆ ಜೈಲು ಇಟ್ಟರೆ ನಿಜಕ್ಕೂ ಹಾಗೇ ಆಗುತ್ತದೆ. ಆದರೆ ಅಪ್ಪರ್ ಬಿಗ್ ಬ್ರಾಂಚ್ ನೋಡಿ. ಜೈಲಿನ ಭಯ ಬಹಳ ಕಡಿಮೆ ಇದ್ದ ಕಾಲದಲ್ಲೇ ಅಲ್ಲಿ ಎರಡು ಪುಸ್ತಕಗಳಿದ್ದವು. ಮುಚ್ಚಿಡುವಂತೆ ಮಾಡಿದ್ದು ಕೆಲಸ ನಿಲ್ಲಬಾರದು ಎನ್ನುವ ಒತ್ತಡ. ಅಪಾಯ ಗೊತ್ತಿದ್ದೂ ಜನರನ್ನು ಒಳಗೆ ಕಳಿಸುವುದು ಒಂದು ತೀರ್ಮಾನ. ಅದಕ್ಕೂ ಕೈತಪ್ಪಿಗೂ ನಡುವೆ ಗೆರೆ ಎಳೆಯಲು ಕೋರ್ಟುಗಳಿಗೆ ಬರುತ್ತದೆ.

ಇನ್ನೊಂದು ವಾದ ದಂಡ ಹೆಚ್ಚಿಸಿದರೆ ಸಾಕು ಎನ್ನುವುದು. ಅರಕೋಮ ಅದಕ್ಕೆ ಉತ್ತರ ಕೊಟ್ಟಿದೆ.

2010ರ ಡಿಸೆಂಬರ್‌ನಲ್ಲಿ ಅಮೆರಿಕದ ಕೆಳಮನೆಯ ಮುಂದೆ ಒಂದು ಮಸೂದೆ ಬಂತು. ಆ ವರ್ಷ ತೀರಿಕೊಂಡ ವೆಸ್ಟ್ ವರ್ಜೀನಿಯಾದ ಸೆನೆಟರ್ ರಾಬರ್ಟ್ ಬರ್ಡ್ ಹೆಸರಿನದು. ಗೊತ್ತಿದ್ದೂ ಕಾರ್ಮಿಕರ ಜೀವಕ್ಕೆ ಅಪಾಯ ತಂದರೆ ಐದು ವರ್ಷದವರೆಗೆ ಜೈಲು, ಅದು ಗಂಭೀರ ಅಪರಾಧ ಎಂದು ಅದರಲ್ಲಿತ್ತು. ಬಹುಮತ ಸಿಕ್ಕಿತು. ಆದರೆ ಆ ದಿನದ ವಿಧಾನಕ್ಕೆ ಮೂರರಲ್ಲಿ ಎರಡರಷ್ಟು ಮತ ಬೇಕಿತ್ತು. ಮಸೂದೆ ಬಿದ್ದುಹೋಯಿತು. ಆಮೇಲೂ ಅದು ಕಾನೂನಾಗಲಿಲ್ಲ.

ಅದೇ ವರ್ಷ ಪಾಸಾದ ಹಣಕಾಸು ಸುಧಾರಣಾ ಕಾಯ್ದೆಯಲ್ಲಿ ಒಂದು ಕಲಂ ಮಾತ್ರ ಸೇರಿತು: ಗಣಿ ಕಂಪನಿಗಳು ತಮ್ಮ ಸುರಕ್ಷತಾ ಉಲ್ಲಂಘನೆಗಳನ್ನು ಷೇರುದಾರರಿಗೆ ವರದಿ ಮಾಡಬೇಕು. ಸುಣ್ಣಕಲ್ಲಿನ ಪುಡಿಯ ನಿಯಮ ಬಿಗಿಯಾಯಿತು. ಪದೇ ಪದೇ ತಪ್ಪು ಮಾಡುವ ಗಣಿಗಳ ಪಟ್ಟಿಯ ನಿಯಮವೂ 2013ರಲ್ಲಿ ಬಿಗಿಯಾಯಿತು. ತೀರ್ಪು ಬಂದ ಎರಡೇ ವಾರಕ್ಕೆ, 2015ರ ಡಿಸೆಂಬರ್ 17ರಂದು, ನ್ಯಾಯ ಇಲಾಖೆ ತನ್ನ ಪ್ರಾಸಿಕ್ಯೂಟರ್‌ಗಳಿಗೆ ಒಂದು ಸೂಚನೆ ಕೊಟ್ಟಿತು. ಕಾರ್ಮಿಕರ ಸುರಕ್ಷತೆಯ ಕೇಸುಗಳಲ್ಲಿ ಪರಿಸರ ಕಾನೂನಿನಂಥ ಬೇರೆ ಕಾನೂನುಗಳನ್ನೂ ಬಳಸಿ, ಅವುಗಳಲ್ಲಿ ಶಿಕ್ಷೆ ಹೆಚ್ಚಿದೆ ಎಂದು. ಒಳ್ಳೆಯ ಹೆಜ್ಜೆಯೇ. ಆದರೆ ಕಾರ್ಮಿಕನ ಸಾವಿಗೆ ನ್ಯಾಯ ಕೇಳಲು ನದಿಯ ನೀರು ಕೆಡಿಸಿದ್ದಕ್ಕೆ ಇರುವ ಕಾನೂನನ್ನು ಹುಡುಕಬೇಕಾದ ಸ್ಥಿತಿ ಇದು.

ಕೆನಡಾ ಬೇರೆ ದಾರಿ ಹಿಡಿಯಿತು. 1992ರ ಮೇ 9ರಂದು ನೋವಾ ಸ್ಕೋಷಿಯಾದ ವೆಸ್ಟ್ರೇ ಗಣಿಯಲ್ಲಿ ಮೀಥೇನ್ ಮತ್ತು ಕಲ್ಲಿದ್ದಲು ದೂಳಿನ ಸ್ಫೋಟದಲ್ಲಿ 26 ಜನ ಸತ್ತರು. ಮ್ಯಾನೇಜರ್‌ಗಳ ಮೇಲಿನ ಕ್ರಿಮಿನಲ್ ಕೇಸು ಕೊನೆಗೆ ನಿಂತುಹೋಯಿತು, ಯಾರಿಗೂ ಶಿಕ್ಷೆ ಆಗಲಿಲ್ಲ. ಆ ನೋವಿನಿಂದ ಹುಟ್ಟಿದ ಕಾನೂನು 2004ರ ಮಾರ್ಚ್ 31ರಿಂದ ಜಾರಿಗೆ ಬಂತು. ಇನ್ನೊಬ್ಬರು ಹೇಗೆ ಕೆಲಸ ಮಾಡಬೇಕು ಎಂದು ಹೇಳುವ ಅಧಿಕಾರ ಇರುವ ಪ್ರತಿಯೊಬ್ಬರಿಗೂ, ಅವರ ಮೈಗೆ ಪೆಟ್ಟಾಗದಂತೆ ನೋಡಿಕೊಳ್ಳುವ ಕಾನೂನಿನ ಹೊಣೆ ಇದೆ ಎಂದು ದಂಡಸಂಹಿತೆಯಲ್ಲೇ ಬರೆದರು. ಹೊಣೆ ಇರುವುದು ಆಜ್ಞೆ ಕೊಡುವವರ ಮೇಲೆ. 2009ರ ಡಿಸೆಂಬರ್ 24ರಂದು ಟೊರಾಂಟೊದಲ್ಲಿ ತೂಗು ಅಟ್ಟಣಿಗೆ ಮುರಿದು ನಾಲ್ವರು ಕಾರ್ಮಿಕರು ಸತ್ತರು. ಎಲ್ಲರಿಗೂ ಸಾಕಾಗುವಷ್ಟು ಸುರಕ್ಷತಾ ಹಗ್ಗ ಇರಲಿಲ್ಲ ಎಂದು ಗೊತ್ತಿದ್ದೂ ಕೆಲಸ ಮುಂದುವರಿಸಿದ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಈ ಕಾನೂನಿನಡಿ 2016ರಲ್ಲಿ ಮೂರೂವರೆ ವರ್ಷ ಶಿಕ್ಷೆಯಾಯಿತು. ಕಂಪನಿಗೆ ಮೊದಲು ಹಾಕಿದ 2 ಲಕ್ಷ ಕೆನಡಾ ಡಾಲರ್ ದಂಡವನ್ನು ಮೇಲ್ಮನವಿ ಕೋರ್ಟ್ 7.5 ಲಕ್ಷಕ್ಕೆ ಏರಿಸಿತು. ಈ ಕಾನೂನಿನಡಿ ಕೇಸುಗಳು ಕಡಿಮೆ, ದೊಡ್ಡ ಕಂಪನಿಗಳ ಮೇಲಂತೂ ಬಹಳ ಕಡಿಮೆ. ಆ ಕೊರತೆಯನ್ನೂ ಹೇಳಬೇಕು. ಆದರೂ ಸಾವು ಅಲ್ಲಿ ಅಪರಾಧದ ಒಳಗಿದೆ. ಮನೆಯವರು ಕೋರ್ಟಿನಲ್ಲಿ ಮಾತಾಡಬಹುದು.

ಅಮೆರಿಕಕ್ಕೆ ಹೊಸ ಮಾದರಿಯನ್ನು ಹೊರಗೆ ಹುಡುಕುವ ಅಗತ್ಯವೂ ಇಲ್ಲ. ಲೆಕ್ಕದಲ್ಲಿ ಸುಳ್ಳು ತೋರಿಸಿದ ಎನ್ರಾನ್ ಕಂಪನಿಯ ಹಗರಣದ ನಂತರ 2002ರಲ್ಲಿ ಅಲ್ಲಿ ಬಂದ ಸಾರ್ಬೇನ್ಸ್ ಆಕ್ಸ್‌ಲಿ ಕಾಯ್ದೆಯ ಪ್ರಕಾರ ಕಂಪನಿಯ ಹಣಕಾಸು ವರದಿಗೆ ಸಿಇಒ ತಮ್ಮ ಕೈಯಾರೆ ಸಹಿ ಹಾಕಬೇಕು. ಸುಳ್ಳೆಂದು ಗೊತ್ತಿದ್ದು ಸಹಿ ಹಾಕಿದರೆ ಹತ್ತು ವರ್ಷದವರೆಗೆ, ಬೇಕೆಂದೇ ಮಾಡಿದರೆ ಇಪ್ಪತ್ತು ವರ್ಷದವರೆಗೆ ಜೈಲು. ಲೆಕ್ಕದ ಪುಸ್ತಕ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ಅಂದಿನಿಂದ ಕಿರಿದಾಯಿತು. ಅದೇ ಸಹಿ ಗಣಿಯ ಗಾಳಿಗೂ ದೂಳಿಗೂ ಬೇಕು. ಮೂರು ತಿಂಗಳಿಗೊಮ್ಮೆ ಸಿಇಒ ತಮ್ಮ ಪ್ರತಿ ಗಣಿಯ ನಿಲುಗಡೆ ಆದೇಶಗಳನ್ನು ಓದಿದ್ದೇನೆ, ಸುಣ್ಣಕಲ್ಲಿನ ಪುಡಿಗೆ ಇಷ್ಟು ಜನ ಮತ್ತು ಇಷ್ಟು ಯಂತ್ರ ಕೊಟ್ಟಿದ್ದೇನೆ ಎಂದು ಬರೆದು ಸಹಿ ಹಾಕಲಿ. ಆ ಸಹಿ ಸುಳ್ಳಾದರೆ ಶಿಕ್ಷೆ ಷೇರುದಾರರಿಗೆ ಹೇಳಿದ ಸುಳ್ಳಿಗಿಂತ ಒಂದು ದಿನವೂ ಕಡಿಮೆ ಇರಬಾರದು. ಜತೆಗೆ 110ನೇ ಕಲಂನ ಆ ಒಂದು ವರ್ಷವನ್ನು ಬರ್ಡ್ ಮಸೂದೆ ಕೇಳಿದ ಐದಕ್ಕೆ ಏರಿಸಬೇಕು, ಸಾವಾದರೆ ಅದನ್ನು ಅಪರಾಧದ ಅಂಗವಾಗಿ ಬರೆಯಬೇಕು.